ಸೊಟ್ಟ ಪಟ್ಟೆಯ ಕುರ್ಚಿ

ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊಲಿಯುವ ಅಕ್ಕನಿಗೆ ಪಟ್ಟೆ ಬಟ್ಟೆ ಎಂದರೆ ಪ್ರಾಣ. ಸೀಟಿನ ಪಟ್ಟೆಯನ್ನು ಬೆನ್ನಿನ ಪಟ್ಟೆಗೆ ಕೂದಲೆಳೆ ತಪ್ಪದಂತೆ ಕೂಡಿಸುವುದರಲ್ಲಿ ಆ ಬೀದಿಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಲಗಣ್ಣು ಹುಟ್ಟಿನಿಂದಲೇ ಮಂಜು, ಕೆಲಸವೆಲ್ಲ ಎಡಗಣ್ಣಿನದೇ. ಹಾಳಾದ್ದು, ಹಳೇ ಕುರ್ಚಿಯೊಂದರ ಸ್ಪ್ರಿಂಗು ಚಂಗನೆ ಎಗರಿ ಆ ಎಡಗಣ್ಣಿಗೇ ಬಡಿಯಿತು.

"ಕಣ್ಣಿನ ಒಳಪರದೆ, ರೆಟಿನಾ, ಹರಿದಿಲ್ಲ. ಪೆಟ್ಟು ಬಿದ್ದು ಊದಿಕೊಂಡಿದೆ. ಊತ ಇಳಿದರೆ ನೋಟ ಬರಬಹುದು. ಪೂರ್ತಿ ಬರುತ್ತೆ ಅಂತ ಮಾತು ಕೊಡಲಾರೆ," ಎಂದರು ಡಾಕ್ಟರು.

ನೋಟದ ನಟ್ಟನಡುವೆ ಕಪ್ಪು ಮಚ್ಚೆ ಕೂತಿತ್ತು. ಯಾರನ್ನು ನೋಡಿದರೂ ಮೂಗೇ ಇಲ್ಲ. "ಒಳ್ಳೇದಾಯ್ತು ಬಿಡೋ, ನಿನ್ನ ಸೊಟ್ಟ ಮೂಗು ನೋಡೋದು ತಪ್ಪಿತು," ಎಂದು ಜೊತೆಗೆ ಕೆಲಸ ಮಾಡುವ ತಮ್ಮನನ್ನು ರೇಗಿಸಿದಳು. ಇನ್ನು ಪಟ್ಟೆ ಕೂಡಿಸುವುದು ಕನಸೇ ಎಂದು ಒಳಗೊಳಗೇ ಕುಸಿದುಹೋಗಿದ್ದಳು.

ದಿನ ಕಳೆದಂತೆ ಮಚ್ಚೆ ತಿಳಿಯಾಯಿತು. ಸಣ್ಣಪುಟ್ಟ ಕೆಲಸ ಮಾಡಬಹುದು ಎಂದರು ಡಾಕ್ಟರು. ಈ ಹಟಮಾರಿ ಸುಮ್ಮನಿರುತ್ತಾಳೆಯೇ? ಉಳಿದಿದ್ದ ಪಟ್ಟೆ ಬಟ್ಟೆ ತೆಗೆದು ಅಮ್ಮನ ಕುರ್ಚಿಗೆ ಹೊಲಿಯಲು ಕೂತೇಬಿಟ್ಟಳು. ಪಟ್ಟೆಗಳು ನಡುವೆ ಬಾಗಿದಂತೆ ಕಂಡವು.

"ನೇಯ್ದವನು ತೂಕಡಿಸಿದ್ದಾನೆ. ನಾನೇ ಸರಿ ಮಾಡ್ತೀನಿ," ಎಂದು ಬಟ್ಟೆಯನ್ನು ಎಳೆದೆಳೆದು, ತನ್ನ ಕಣ್ಣಿಗೆ ನೇರವಾಗುವಂತೆ ಹೊಲಿದಳು. ಬಾಗಿದ್ದು ಬಟ್ಟೆಯಲ್ಲ, ಅವಳ ನೋಟ. ನಿಜದಲ್ಲಿ ಈಗ ಪಟ್ಟೆಗಳು ಹಾವಿನ ಹಾಗೆ ಅಂಕುಡೊಂಕಾಗಿದ್ದವು. ತಮ್ಮ ಅದನ್ನು ಹಾಗೇ ಕುರ್ಚಿಗೆ ಬಿಗಿದುಕೊಟ್ಟ. ಅಮ್ಮ ಅದರಲ್ಲೇ ಹಾಯಾಗಿ ಕೂತು, "ನನ್ನ ಮಗಳು ಹೊಲಿದದ್ದು," ಎಂದು ಬಂದವರಿಗೆಲ್ಲ ತೋರಿಸಿದಳು. ಅವರೂ ಚೆನ್ನಾಗಿದೆ ಎಂದು ತಲೆಯಾಡಿಸಿದರು.

ಎಷ್ಟೋ ವಾರಗಳ ಮೇಲೆ ಒಂದು ಬೆಳಿಗ್ಗೆ, ಅಮ್ಮನಿಗೆ ಚಹಾ ಕೊಡಲು ಬಂದ ಅಕ್ಕ ಹಾಗೇ ನಿಂತಳು.

"ಅಮ್ಮಾ, ಸ್ವಲ್ಪ ಏಳು. ಇದನ್ನ ಯಾವ ಪುಣ್ಯಾತ್ಮ ಹೊಲಿದದ್ದು? ಇಷ್ಟು ಸೊಟ್ಟ?"

"ನೀನೇ ಕಣಕ್ಕಾ," ಎಂದ ತಮ್ಮ.

ಅವಳು ಕಿಟಕಿಯ ಸರಳುಗಳನ್ನು ನೋಡಿದಳು. ನೆಟ್ಟಗಿದ್ದವು. ತಮ್ಮನ ಮುಖ ನೋಡಿದಳು. ಮೂಗು ಇತ್ತು, ಮೊದಲಿನಷ್ಟೇ ಸೊಟ್ಟಗೆ. ಎದೆ ತುಂಬಿ ಬಂತು. ನೇರ ಹೊಲಿದ ನೂರಾರು ಸೋಫಾಗಳ ಮುಂದೆಯೂ ಅವಳು ಇಷ್ಟು ಬೀಗಿರಲಿಲ್ಲ.

"ನಿನಗೆ ಗೊತ್ತಿತ್ತಾ ಅಮ್ಮಾ?"

"ಕೂತ ದಿನವೇ."

ಅಕ್ಕ ಹೊಲಿಗೆ ಬಿಚ್ಚಲು ಕತ್ತರಿ ಎತ್ತಿಕೊಂಡಳು. ಅಮ್ಮ ಧೊಪ್ಪನೆ ಮತ್ತೆ ಕುರ್ಚಿಯಲ್ಲಿ ಕೂತಳು.

"ಮುಟ್ಟಿದರೆ ನೋಡು. ಹೊಲಿದದ್ದು ನನ್ನ ಮಗಳು ಅಂತ ಇಷ್ಟು ದಿನ ತೋರಿಸ್ತಿದ್ದೆ. ಇನ್ನು ಮೇಲೆ, ಸೊಟ್ಟ ಅಂತ ಕಂಡುಹಿಡಿದದ್ದೂ ನನ್ನ ಮಗಳೇ ಅಂತ ತೋರಿಸ್ತೀನಿ."