ಕ್ಯಾಮೆರಾದ ಹಿಂದಿನ ದನಿ

ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆ ಸಂಸ್ಥೆ ನಡೆಯುತ್ತಿತ್ತು. ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡದ ಸಿನಿಮಾಗಳನ್ನು ಕೈಹಿಡಿದು ಮುಗಿಸಿಕೊಡುವುದು, ಆಮೇಲೆ ಅವನ್ನು ಕಾಲೇಜು, ಗ್ರಂಥಾಲಯ, ಚಿತ್ರಸಮಾಜಗಳಿಗೆ ತಲುಪಿಸುವುದು ಅದರ ಕೆಲಸ. ನಡೆಸುತ್ತಿದ್ದವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಶಬ್ದ ಜೋಡಿಸುವವನಿಗೆ ಕಿವಿಯಣ್ಣ ಎಂಬ ಹೆಸರು ಬಿದ್ದಿತ್ತು. ಪಕ್ಕದ ಬೀದಿಯಲ್ಲಿ ಯಾರ ಮನೆಯ ಬಾಗಿಲು ಕಿರುಗುಟ್ಟಿತೆಂದು ಕೂತಲ್ಲೇ ಹೇಳುತ್ತಾನೆ ಎಂದು ತಮಾಷೆ ಮಾಡುತ್ತಿದ್ದರು.

ಅಲ್ಲಿಗೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ಬಂದರು. ಮದುವೆಯಾಗದೆ ಅಣ್ಣ ಅತ್ತಿಗೆಯ ಜೊತೆಗೇ ಇದ್ದವರು. ಅಣ್ಣ ಬೆತ್ತದ ಕುರ್ಚಿ ಹೆಣೆಯುವವರು. ಕೆಲವು ವರ್ಷಗಳಿಂದ ಅವರ ನೆನಪು ಸವೆಯುತ್ತಿತ್ತು. ಮೊದಲು ಗಿರಾಕಿಗಳ ಹೆಸರು ಹೋಯಿತು, ಆಮೇಲೆ ಮನೆಯ ದಾರಿ. ಬೆರಳುಗಳು ಮಾತ್ರ ಹೆಣೆಯುವುದನ್ನು ಮರೆತಿರಲಿಲ್ಲ. ಮೇಷ್ಟ್ರು ರಜೆಯಲ್ಲೆಲ್ಲ ಕ್ಯಾಮೆರಾ ಹಿಡಿದು ಅಣ್ಣನ ಎದುರು ಕೂತು ಅದನ್ನೇ ಸಿನಿಮಾ ಮಾಡಿದ್ದರು. ಅದರಲ್ಲಿ ಮೇಷ್ಟ್ರು ಎಲ್ಲಿಯೂ ಕಾಣುವುದಿಲ್ಲ, ಅವರ ದನಿ ಮಾತ್ರ ಕೇಳುತ್ತದೆ.

ಆ ದನಿಯ ಬಗ್ಗೆ ಅವರಿಗೆ ವಿಪರೀತ ಸಂಕೋಚ. ತಗಡು ಕೆರೆದ ಹಾಗಿದೆ, ತೆಗೆದುಬಿಡಿ ಎಂದು ಕಿವಿಯಣ್ಣನ ಬೆನ್ನು ಬಿದ್ದರು. ಅವನು ತೆಗೆದು ತೋರಿಸಿದ. ಅಣ್ಣ ಗೋಡೆಯ ಜೊತೆ ಮಾತಾಡುತ್ತಿದ್ದಂತೆ ಕಂಡಿತು. ದೊಡ್ಡಕ್ಕ ಹಟ ಹಿಡಿದು ದನಿಯನ್ನು ಉಳಿಸಿಕೊಂಡಳು.

ಮೊದಲ ಪ್ರದರ್ಶನಕ್ಕೆ ಇನ್ನೇನು ವಾರವಿದೆ ಎನ್ನುವಾಗ ಮೇಷ್ಟ್ರು ಶಾಲೆಯ ಮೆಟ್ಟಿಲ ಮೇಲೆ ಕುಸಿದು ಕೂತವರು ಮತ್ತೆ ಏಳಲಿಲ್ಲ. ದೊಡ್ಡಕ್ಕ ಪ್ರದರ್ಶನ ನಿಲ್ಲಿಸಲು ಹೊರಟಾಗ ಅತ್ತಿಗೆಯೇ ತಡೆದರು. ಅವನು ಜೀವ ತೇಯ್ದು ಮಾಡಿದ್ದು ಪೆಟ್ಟಿಗೆಯಲ್ಲಿ ಕೊಳೆಯುವುದು ಬೇಡ, ನಾವೂ ಬರುತ್ತೇವೆ ಎಂದರು.

ಗ್ರಂಥಾಲಯದ ಸಭಾಂಗಣ ತುಂಬಿತ್ತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಯಾರದೋ ಮದುವೆಗೆ ಬಂದವರಂತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ತಮ್ಮದೇ ಮುಖ ಬಂದಾಗ ಅವರಿಗೆ ಗುರುತು ಹತ್ತಲಿಲ್ಲ. ಸಿನಿಮಾ ಅರ್ಧ ದಾಟಿದ ಮೇಲೆ ಕ್ಯಾಮೆರಾದ ಹಿಂದಿನಿಂದ ಮೇಷ್ಟ್ರು ಕೇಳುವ ದೃಶ್ಯ ಬಂತು. “ಅಣ್ಣಾ, ನಾನು ಯಾರು ಹೇಳು ನೋಡೋಣ.”

ಪರದೆಯ ಮೇಲಿನ ಅಣ್ಣ ಬೆತ್ತದ ಎಳೆಯನ್ನು ಕೈಯಲ್ಲೇ ಹಿಡಿದು ತುಂಬ ಹೊತ್ತು ನೋಡುತ್ತಾರೆ. ಕೊನೆಗೆ ಗೊತ್ತಾಗಲಿಲ್ಲಪ್ಪ ಎಂದು ತಲೆ ತಗ್ಗಿಸುತ್ತಾರೆ. ಅಂದು ಆ ಮಾತು ಬರುವ ಮೊದಲೇ ಮುಂದಿನ ಸಾಲಿನಿಂದ ಉತ್ತರ ಬಂತು.

“ನನ್ನ ತಮ್ಮ ಕಣೋ ನೀನು. ಇನ್ಯಾರು?”

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ದೀಪ ಹತ್ತಿದ ಕೂಡಲೇ ಅಣ್ಣ ಎದ್ದು ಪರದೆಯ ಹಿಂದೆ ಹೋಗಿ ಇಣುಕಿದರು. ಇಷ್ಟೊತ್ತು ಇಲ್ಲೇ ಇದ್ದನಲ್ಲ, ಎಲ್ಲಿ ಹೋದ ಎಂದು ಎದುರಾದವರನ್ನೆಲ್ಲ ಕೇಳಿದರು. ಅತ್ತಿಗೆ ತೋಳು ಹಿಡಿದು ಮೆಲ್ಲಗೆ ಹೇಳಿದರು. ಮೇಷ್ಟ್ರ ಶವದ ಮುಂದೆ ಹೇಳಿದ್ದನ್ನೇ ಮತ್ತೆ ಹೇಳಿದರು. ಅಣ್ಣ ಅದನ್ನು ಈಗಷ್ಟೇ ಕೇಳಿದವರಂತೆ ನೆಲಕ್ಕೆ ಕುಸಿದು ಅತ್ತರು.

ಸುದ್ದಿ ಹಬ್ಬಿತು. ಚಿತ್ರಸಮಾಜಗಳಿಂದ ಮೇಲಿಂದ ಮೇಲೆ ಕರೆಗಳು ಬಂದವು. ಎಲ್ಲರದೂ ಒಂದೇ ಕೋರಿಕೆ: ಅಣ್ಣನನ್ನೂ ಕರೆತನ್ನಿ. ಸಂಸ್ಥೆಯ ಯಾವ ಸಿನಿಮಾಕ್ಕೂ ಅಷ್ಟು ಬೇಡಿಕೆ ಬಂದಿರಲಿಲ್ಲ. ಕೇಳಿ ನೋಡುವುದರಲ್ಲಿ ತಪ್ಪೇನು ಎಂದುಕೊಂಡು ದೊಡ್ಡಕ್ಕ ಅವರ ಮನೆಗೆ ಹೋದಳು.

ಅತ್ತಿಗೆ ಅಡುಗೆಮನೆಯಲ್ಲಿ ನಿಂತೇ ಎಲ್ಲ ಕೇಳಿಸಿಕೊಂಡರು. ಕೋಪ ಮಾಡಿಕೊಳ್ಳಲಿಲ್ಲ.

“ಜನ ಅತ್ತು ಮನೆಗೆ ಹೋಗ್ತಾರಮ್ಮ. ದೀಪ ಹಾಕಿದ ಮೇಲೆ ಇವರು ಹುಡುಕ್ತಾರಲ್ಲ, ಆಗ ಹೇಳಬೇಕಾದವಳು ನಾನು. ಎಷ್ಟು ಸಲ ಅವನನ್ನ ಸಾಯಿಸಲಿ?”

ಅತ್ತಿಗೆ ಲೋಟ ತೊಳೆದು ಬೋರಲು ಹಾಕಿದರು. ಈಗ ಹೇಳುವುದನ್ನೇ ಬಿಟ್ಟಿದ್ದೇನೆ, ಕೇಳಿದರೆ ಶಾಲೆಗೆ ಹೋಗಿದ್ದಾನೆ ಅನ್ನುತ್ತೇನೆ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲ, ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ ಎಂದೂ ಸೇರಿಸಿದರು.

ಮರುದಿನ ದೊಡ್ಡಕ್ಕ ಎಲ್ಲರಿಗೂ ತಿಳಿಸಿದಳು, ಸಿನಿಮಾ ಮಾತ್ರ ಬರುತ್ತದೆ ಎಂದು. ಕೆಲವರು ಹಾಗಾದರೆ ಬೇಡ ಎಂದರು. ಉಳಿದ ಕಡೆ ಕಿವಿಯಣ್ಣನ ಜೊತೆ ಸಿನಿಮಾ ಹೋಯಿತು. ಜನ ನೋಡಿದರು, ಮೆಚ್ಚಿದರು. ನಿರ್ದೇಶಕರು ವೇದಿಕೆಗೆ ಬರಲಿ ಎಂದು ಯಾರಾದರೂ ಕೂಗಿದಾಗ ಕಿವಿಯಣ್ಣ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಕೆಲಸವಿಲ್ಲದಿದ್ದರೂ ದೊಡ್ಡಕ್ಕ ಆ ಮನೆಗೆ ಆಗಾಗ ಹೋಗತೊಡಗಿದಳು. ಅಣ್ಣ ಪ್ರತಿ ಸಲವೂ ಹೊಸಬರನ್ನು ಕಂಡಂತೆ ನೀವು ಯಾರು ಎನ್ನುತ್ತಿದ್ದರು. ನಿಮ್ಮ ತಮ್ಮನ ಸ್ನೇಹಿತೆ ಎನ್ನುತ್ತಿದ್ದಳು.

“ಹೌದಾ? ಕೂತ್ಕೊಳ್ಳಿ ಹಾಗಾದ್ರೆ. ಅವನು ಬರೋ ಹೊತ್ತಾಯ್ತು.”

ಅವಳು ಕೂರುತ್ತಿದ್ದಳು. ಅವರು ಹೆಣಿಗೆ ಮುಂದುವರಿಸುತ್ತಿದ್ದರು. ಹೊರಗೆ ಸೈಕಲ್ ಸದ್ದಾದಾಗಲೆಲ್ಲ ಬಾಗಿಲಿನತ್ತ ನೋಡುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಯಾರನ್ನು ಕಾಯುತ್ತಿದ್ದೇನೆಂಬುದೂ ಅವರಿಗೆ ಮರೆತುಹೋಗುತ್ತಿತ್ತು. ಆಗ ದೊಡ್ಡಕ್ಕ ಅತ್ತಿಗೆಗೆ ಬರುತ್ತೇನೆಂದು ಹೇಳಿ ಎದ್ದು ಬರುತ್ತಿದ್ದಳು.