ಸ್ವಾಮಿ ಬಂದ ಬೆಳಗು

ಕ್ರೆಮೋನಾದ ಯುದ್ಧವನ್ನು ಗೆದ್ದವನು ಎಮೆಸಾದ ಬರಾತೆಸ್, ಅಂದರೆ ನಾನು. ಅದೂ ಅಂಗಾತ ಬಿದ್ದುಕೊಂಡು. ಸೇನಾಪತಿಗಳು ತಾವು ಗೆದ್ದೆವೆನ್ನುತ್ತಾರೆ. ಅನ್ನಲಿ, ಅವರಿಗೂ ಮನೆಯಲ್ಲಿ ಹೇಳಿಕೊಳ್ಳಲು ಏನಾದರೂ ಬೇಕಲ್ಲ.

ಎರಡು ಕಡೆಯೂ ರೋಮಿನ ಸೈನ್ಯವೇ. ರೋಮಿನಲ್ಲಿ ಕೂತವನು ಚಕ್ರವರ್ತಿಯೋ, ಪೂರ್ವದಲ್ಲಿರುವ ನಮ್ಮವನೋ ಎಂಬುದು ಜಗಳ. ಇರುಳಿಡೀ ಹೊಡೆದಾಡಿದೆವು. ನಾನೊಬ್ಬನೇ ನಾನೂರು ಜನರನ್ನು ಕೆಡವಿದೆ. ಕತ್ತಲಲ್ಲಿ ಅವರಲ್ಲಿ ನಮ್ಮವರೆಷ್ಟೋ ಹೇಳಲಾರೆ. ಕೊನೆಗೆ ಆನೆಯಷ್ಟು ದಪ್ಪದ ಹೇಸರಗತ್ತೆಯೊಂದು ಸತ್ತು ನನ್ನ ಕಾಲ ಮೇಲೆ ಬಿತ್ತು.

ಬೆಳಕು ಹರಿಯುವಾಗ ಎದುರು ಕಡೆಯ, ರೈನ್ ನದಿ ತೀರದ ಪಡೆಯವನೊಬ್ಬ ನನ್ನ ಕುತ್ತಿಗೆಗೆ ಕತ್ತಿಯಿಟ್ಟು ನಿಂತಿದ್ದ. ಗೆಮಿನಸ್ ಎಂಬ ಹೆಸರು ಆಮೇಲೆ ತಿಳಿಯಿತು.

"ಯಾವೂರೋ?"

"ಎಮೆಸಾ ಕಣಣ್ಣ, ಸಿರಿಯಾ ಕಡೆ."

"ಸಾಯೋಕೆ ಇಷ್ಟು ದೂರ ಬಂದ್ಯಾ? ನಿಮ್ಮೂರಲ್ಲಿ ಜಾಗ ಇರ್ಲಿಲ್ವಾ?"

ಕತ್ತಿ ಇನ್ನೇನು ಇಳಿಯಬೇಕು, ಅಷ್ಟರಲ್ಲಿ ನಮ್ಮ ಪಡೆಯಲ್ಲಿ ಭಾರಿ ಕೂಗೆದ್ದಿತು. ಸೂರ್ಯ ಮೂಡಿದ್ದ. ಸಿರಿಯಾದಲ್ಲಿ ಬಹುಕಾಲ ಇದ್ದ ಪಡೆ ನಮ್ಮದು. ಮೂಡುವ ಸೂರ್ಯನತ್ತ ತಿರುಗಿ ಕೈಯೆತ್ತಿ ಕೂಗದೆ ನಮಗೆ ಬೆಳಗಾಗುವುದಿಲ್ಲ. ಶತ್ರುವಿಗೆ ಬೆನ್ನು ಹಾಕಿ ಎಲ್ಲರೂ ಕೂಗುತ್ತಿದ್ದರು: "ಸ್ವಾಮಿ ಬಂದ! ಸ್ವಾಮಿ ಬಂದ!" ಬಿದ್ದಲ್ಲಿಂದಲೇ ನಾನೂ ಕೂಗಿದೆ. ಆಲ್ಪ್ಸ್ ಬೆಟ್ಟದ ಹಿಮ ಜಾರಿತಂತೆ.

ಗೆಮಿನಸ್ ಕತ್ತಿ ತಡೆದ. "ಯಾರೋ ಬಂದಿದ್ದು?"

"ನಮ್ಮ ಸ್ವಾಮಿ."

"ಎಲ್ಲಿಂದ?"

"ಪೂರ್ವದಿಂದ. ಇನ್ನೆಲ್ಲಿಂದ ಬರ್ತಾನೆ?"

ಅವನ ಮುಖ ಬಿಳಿಚಿತು. ಪೂರ್ವದಿಂದ ನಮ್ಮ ಇನ್ನೊಂದು ದಂಡು ಹೊರಟ ಸುದ್ದಿ ಅವರಿಗೂ ಮುಟ್ಟಿತ್ತು.

"ಜೋರಾಗಿದ್ದಾನಾ?"

ಸುಳ್ಳು ನನಗೆ ಬಾರದು. "ಅವ್ನು ಮೇಲೆ ಬಂದ್ಮೇಲೆ ಕಣ್ಣೆತ್ತಿ ನೋಡೋಕಾಗಲ್ಲ ಅಣ್ಣ. ನೋಡಿದ್ರೆ ಕಣ್ಣೇ ಹೋಗುತ್ತೆ."

"ಹೊಸ ದಂಡು ಬಂತು, ಓಡ್ರೋ!" ಎಂದು ಅರಚುತ್ತ ಅವನು ಓಟ ಕಿತ್ತ. ಅರಚಾಟ ಸಾಲಿನಿಂದ ಸಾಲಿಗೆ ದಾಟಿತು, ಸಾಲುಗಳು ಸಡಿಲಿದವು, ನಮ್ಮವರು ತಿರುಗಿ ನುಗ್ಗಿದರು. ಮುಂದಿನದು ಬರೀ ಕೊಲೆ. ಅದರಲ್ಲಿ ನಾನೂ ಕೊಚ್ಚಿಕೊಳ್ಳುವಂಥದ್ದೇನಿಲ್ಲ.

ಮಧ್ಯಾಹ್ನ, ಕುಂಟುತ್ತ ಹೋಗುವಾಗ, ಸೆರೆಯಾಳುಗಳ ಸಾಲಿನಲ್ಲಿ ಗೆಮಿನಸ್ ಕಂಡ. ಕೈಗಳನ್ನು ಹಿಂದಕ್ಕೆ ಕಟ್ಟಿದ್ದರು.

"ಎಲ್ಲೋ ನಿನ್ನ ಸ್ವಾಮಿ?"

ನೆತ್ತಿಯ ಮೇಲೆ ಕೈ ತೋರಿಸಿದೆ. ಅವನು ತಲೆಯೆತ್ತಿದ, ಕಣ್ಣು ಕಿರಿದು ಮಾಡಿದ, ಸೀನಿದ.

"ಥೂ ಕಳ್ಳ! ಇವ್ನು ದಿನಾ ನಮ್ಮೂರಿಗೂ ಬರ್ತಾನಲ್ಲೋ."

ರೋಮನ್ನೇ ಗೆದ್ದುಕೊಟ್ಟ ನನ್ನ ಚೀಲದಲ್ಲಿ ಅರ್ಧ ಈರುಳ್ಳಿಯಿತ್ತು. ಅವನ ಬಾಯಿಗಿಟ್ಟೆ.