ಇಪ್ಪತ್ತನಾಲ್ಕನೆಯ ಆವರ್ತ

ಅಣ್ಣ ಎಣಿಕೆ ತಪ್ಪಿದ ಎಂದು ಹನ್ನೆರಡು ವರ್ಷದಿಂದ ಅವಳು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಕೊಂಕಿನಿಂದಲ್ಲ, ಮರುಕದಿಂದ. ಮರುಕ ಕೊಂಕಿಗಿಂತ ಆಳಕ್ಕೆ ಇಳಿಯುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ.

ಅವರು ಮೂವರೇ ಇದ್ದರು, ಡ್ರಮ್ ಇರಲಿಲ್ಲ. ಅಣ್ಣನದು ಟ್ರಂಪೆಟ್, ಅವಳದು ಪಿಯಾನೋ. ಆಳೆತ್ತರದ ತಂತಿವಾದ್ಯ ಡಬಲ್ ಬಾಸ್ ತಬ್ಬಿಕೊಂಡು ಅಲುಗಾಡದೆ ನಿಲ್ಲುತ್ತಿದ್ದ ಗೆಳೆಯನಿಗೆ ಕಂಬ ಅಂತಲೇ ಹೆಸರು ಬಿದ್ದಿತ್ತು. ನುಡಿಸುತ್ತಿದ್ದದ್ದು ಮೋಡಲ್ ಜಾಝ್. ಹಳೆಯ ಜಾಝ್‌ನಲ್ಲಿ ಸ್ವರಗುಂಪುಗಳು ಗಳಿಗೆಗೊಮ್ಮೆ ಬದಲಾಗುತ್ತವೆ. ಓಡುವವನಿಗೆ ಅವೇ ಮೈಲಿಗಲ್ಲು. ಮೋಡಲ್ ಕಟ್ಟಿದವರಿಗೆ ಆ ಓಟ ಸಾಕಾಗಿತ್ತು. ಅವರು ಒಂದೇ ಸ್ವರಸಾಲಿನಲ್ಲಿ ಕೂತುಬಿಟ್ಟರು. ಅವರ ರೆಕಾರ್ಡುಗಳನ್ನು ಸವೆಯುವಷ್ಟು ಕೇಳಿ ಅಣ್ಣ ಕಲಿತಿದ್ದ. ಅವಳು ಪಿಯಾನೋದ ಮೇಲೆ ಚಡಪಡಿಸಿದರೆ, "ಎಲ್ಲಿಗೆ ಹೊರಟೆ? ಇಲ್ಲೇ ಕೂತ್ಕೊಳ್ಳೇ" ಎನ್ನುತ್ತಿದ್ದ.

ಕೂರುವುದರಲ್ಲೇ ಅಪಾಯವಿತ್ತು. ಅಣ್ಣ ಕಟ್ಟಿದ ಆ ಹಾಡಿನಲ್ಲಿ ಕೆಳಗೆ ಹದಿನಾರು ಆವರ್ತ, ಅರ್ಧ ಸ್ವರ ಮೇಲೆ ಹತ್ತಿ ಎಂಟು, ಮತ್ತೆ ಇಳಿದು ಎಂಟು. ಆ ಕೊನೆಯ ಎಂಟಕ್ಕೆ ಮುಂದಿನ ಸುತ್ತಿನ ಹದಿನಾರು ಅಂಟಿಕೊಂಡು, ಕೆಳಗೆ ಒಟ್ಟು ಇಪ್ಪತ್ತನಾಲ್ಕು. ಅಲ್ಲಿ ಎಲ್ಲ ಒಂದೇ ಬಣ್ಣ. ಎಲ್ಲಿದ್ದೇವೆ ಎಂದು ಕಿವಿ ಹೇಳುವುದಿಲ್ಲ, ಮೈಯೇ ಎಣಿಸಬೇಕು. ಅಣ್ಣ ಮಾತ್ರ ಹತ್ತುವ ಮುನ್ನ ಮೂಗಿನಿಂದ ಸರ್ರನೆ ಉಸಿರೆಳೆಯುತ್ತಿದ್ದ. "ನೆಗಡಿಯೇನೋ?" ಎಂದು ಕಂಬ ರೇಗಿಸುತ್ತಿದ್ದ.

ರೇಡಿಯೋದ ನೇರ ಪ್ರಸಾರದ ದಿನ ಅವಳು ಹತ್ತಿದಳು, ಕಂಬ ಹತ್ತಿದ, ಅಣ್ಣ ಕೆಳಗೇ ಉಳಿದ. ಎರಡು ಸ್ವರಸಾಲುಗಳು ಹಲ್ಲು ಕಡಿದಂತೆ ತಿಕ್ಕಾಡಿದವು. ಅಣ್ಣ ಟ್ರಂಪೆಟ್ ಇಳಿಸಿ, ಅದರ ಬಾಯಿಯನ್ನು ಒರೆಸಿ, ಹಾಡು ನಡೆಯುತ್ತಿದ್ದಂತೆಯೇ ಎದ್ದುಹೋದ. "ನನ್ನೊಳಗಿನ ಗಡಿಯಾರ ನಿಂತುಹೋಯ್ತು ಕಣೇ" ಎಂದಷ್ಟೇ ಹೇಳಿ, ಆ ತಿಂಗಳೇ ಬೇರೆ ಊರಿನಲ್ಲಿ ವಾದ್ಯ ರಿಪೇರಿಯ ಅಂಗಡಿ ಸೇರಿದ. ಬೇರೆಯವರ ಟ್ರಂಪೆಟ್‌ಗಳ ನೆಗ್ಗು ತೆಗೆಯುತ್ತಾನೆ, ಒಂದನ್ನೂ ಊದುವುದಿಲ್ಲ ಎಂದು ಅತ್ತಿಗೆ ಹೇಳುತ್ತಿದ್ದಳು.

ಈಗ ರೇಡಿಯೋದವರು ಹಳೆಯ ಕಪಾಟು ಖಾಲಿ ಮಾಡುವಾಗ ಆ ದಿನದ ಟೇಪು ಸಿಕ್ಕಿತ್ತು. ಹೊಲಿಗೆ ಯಂತ್ರದ ಅಂಗಡಿಯ ಮೇಲಿನ ತಮ್ಮ ಅಭ್ಯಾಸದ ಕೋಣೆಯಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಅವಳೂ ಕಂಬನೂ ಕೇಳಿದರು. ಅಣ್ಣನ ಸ್ವರ ಅವಳು ನೆನೆದದ್ದಕ್ಕಿಂತ ತೆಳ್ಳಗಿತ್ತು, ಒಂಟಿಯಾಗಿತ್ತು. ಆ ತಿಕ್ಕಾಟ ಬಂತು, ಟ್ರಂಪೆಟ್ ನಿಂತಿತು. ಆಮೇಲೆ, ಅವಳ ಪಿಯಾನೋ ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ, ಸರ್ರನೆ ಒಂದು ಉಸಿರು.

ಉಸಿರಿತ್ತು. ಅದರ ಹಿಂದೆ ಸ್ವರ ಬರಲಿಲ್ಲ.

ಅವಳು ಟೇಪನ್ನು ಹಿಂದಕ್ಕೆ ಓಡಿಸಿ, ಹಿಂದಿನ ಸುತ್ತಿನ ಕೊನೆಯ ಎಂಟರಿಂದ ಬೆರಳು ಮಡಿಸುತ್ತಾ ಎಣಿಸಿದಳು. ಅವಳು ಹತ್ತಿದ್ದು ಹದಿನಾರಕ್ಕೆ. ಆ ಉಸಿರು ಇಪ್ಪತ್ತನಾಲ್ಕಕ್ಕೆ. ಮತ್ತೊಮ್ಮೆ ಎಣಿಸಿದಳು.

"ಎಂಟು ಮುಂಚೆ ಹತ್ತಿದ್ದು ನಾನು" ಎಂದಳು.

ಕಂಬ ಬಾಸಿನ ತಂತಿಗೆ ಬಟ್ಟೆ ಆಡಿಸುತ್ತಿದ್ದ. "ಹೂಂ."

"ನಿಂಗೆ ಗೊತ್ತಿತ್ತಾ?"

"ನಿನ್ನ ಎಡಗೈ ಹೋದ ಕಡೆ ಹೋಗೋದು ನನ್ನ ಕೆಲಸ. ಮನೆಗೆ ಹೋಗಿ ಎಣಿಸಿದಾಗ ಗೊತ್ತಾಯ್ತು."

"ಹನ್ನೆರಡು ವರ್ಷ ಬಾಯಲ್ಲಿ ಏನು ತುಂಬ್ಕೊಂಡಿದ್ದೆ?"

"ನೀನು ಅಣ್ಣನಿಗಾಗಿ ಅಳ್ತಾ ಕೂತಿದ್ದೆ. ಅದರ ಮೇಲೆ ಇದನ್ನೂ ಹೇಳೋಕೆ ಧೈರ್ಯ ಬರ್ಲಿಲ್ಲ ಮಾರಾಯ್ತಿ."

ಅವಳು ಟೇಪು ನಿಲ್ಲಿಸಿದಳು. ಇಬ್ಬರು ಒಂದು ಕಡೆ ನಿಂತರೆ ಉಳಿದವನು ತನ್ನನ್ನೇ ಅನುಮಾನಿಸುತ್ತಾನೆ. ಸರಿಯಾಗಿ ನಡೆಯುತ್ತಿದ್ದ ಗಡಿಯಾರವನ್ನು ಅವನು ಕೈಯಾರೆ ನಿಲ್ಲಿಸಿಕೊಂಡಿದ್ದ.

ಅಣ್ಣನ ಅಂಗಡಿಗೆ ಅವಳು ಮಾಡಿದ ಫೋನು ಎತ್ತಿದ್ದು ಅತ್ತಿಗೆ. "ಸಂಗೀತದ ವಿಷಯ ಆದ್ರೆ ಅವರು ಬರಲ್ಲಮ್ಮ."

"ಬರೋದು ಬೇಡ ಅತ್ತಿಗೆ. ಫೋನನ್ನ ಅವನ ಪಕ್ಕ ಇಡಿ, ಸಾಕು."

ಲೋಹದ ಮೇಲೆ ಅರ ಉಜ್ಜುವ ಸದ್ದು ಹತ್ತಿರವಾಯಿತು.

"ಅಣ್ಣಾ, ಅವತ್ತು ನೀನು ತಪ್ಪಿರ್ಲಿಲ್ಲ. ನಾನು ಎಂಟು ಮುಂಚೆ ಹತ್ತಿದ್ದೆ. ಟೇಪು ಸಿಕ್ಕಿದೆ. ನಿನ್ನ ಉಸಿರು ಸರಿಯಾದ ಜಾಗದಲ್ಲೇ ಇದೆ."

ಅರ ನಿಂತಿತು.

"ಈಗ ಊದೋ ತುಟಿ ಉಳಿದಿಲ್ಲ ಕಣೇ" ಎಂದ ಅಣ್ಣ. ದನಿ ಮುದಿಯಾಗಿತ್ತು.

"ತುಟಿ ಬೇಡ. ಎಣಿಸು, ಅಷ್ಟೇ."

ಫೋನನ್ನು ಪಿಯಾನೋದ ಮೇಲಿಟ್ಟು, ಆ ಕೊನೆಯ ಎಂಟರಿಂದ ಶುರುಮಾಡಿದಳು. ಕಂಬ ಬಾಸ್ ತಬ್ಬಿಕೊಂಡ. ಎಂಟು ಕಳೆಯಿತು. ಇನ್ನೆಂಟು ಸೇರಿ ಹದಿನಾರಾಯಿತು; ಅವಳ ಎಡಗೈ ಹತ್ತಲು ತುಡಿಯಿತು, ಅವಳು ಬಿಡಲಿಲ್ಲ. ಇನ್ನು ತಾನು ಎಣಿಸಬಾರದು ಎಂದುಕೊಂಡಳು. ಅವನು ಹೇಳಿದ ಜಾಗದಲ್ಲೇ ಕೂತಳು. ಇಲ್ಲೇ, ಇಲ್ಲೇ. ಫೋನಿನಲ್ಲಿ ಏನೂ ಇಲ್ಲ. ಎದ್ದುಹೋದನೇನೋ ಎಂದುಕೊಳ್ಳುವಷ್ಟರಲ್ಲಿ, ಆ ದೂರದ ಅಂಗಡಿಯಿಂದ, ಮೂಗಿನಿಂದ ಸರ್ರನೆ ಎಳೆದ ಉಸಿರು ಕೇಳಿಸಿತು.

ಅವಳು ಹತ್ತಿದಳು.